ಮೊದಲ ಹಾಡಿನ ಮಹಾರಾಜರು

ಬೆಂಗಳೂರಿನಲ್ಲಿ ಹಾರನ್ ಕೊಳ್ಳಬೇಕೆಂದರೆ ಜೆ.ಸಿ. ರಸ್ತೆಗೇ ಹೋಗಬೇಕು. ನಮ್ಮ ಚಾಮರಾಜಪೇಟೆಯಿಂದ ನಡೆದೇ ಹೋಗಿಬರಬಹುದಾದ ದೂರ. ಮಿನರ್ವ ಸರ್ಕಲ್ಲಿನಿಂದ ಟೌನ್‌ಹಾಲಿನವರೆಗೆ ಮೋಟಾರು ಸಾಮಾನಿನ ಅಂಗಡಿಗಳು: ಸೀಟ್ ಕವರು, ಹೆಡ್‌ಲೈಟು, ಬಂಪರು, ಕನ್ನಡಿ. ಮಿಕ್ಕವರು ಸರಕನ್ನು ತೋರಿಸಿ ಮಾರಿದರೆ ಹಾರನ್ ಅಂಗಡಿಯ ಹುಡುಗ ನುಡಿಸಿಯೇ ಮಾರಬೇಕು. ಹಳೆಯ ಬ್ಯಾಟರಿಯೊಂದನ್ನು ಮುಂದಿಟ್ಟುಕೊಂಡು ಒಂದೊಂದಕ್ಕೂ ತಂತಿ ತಾಗಿಸಿ ಕೇಳಿಸುತ್ತಾನೆ. "ಇದು ಲಾರೀದು ಸಾರ್. ಇದು ಕಾರಿಂದು, ಡಬಲ್ ಟೋನು." ಒಂದು ಕೆಳಗೆ, ಒಂದು ಮೇಲೆ, ಎರಡೂ ಒಟ್ಟಿಗೆ ಕೂಗಿದರೆ 72 ಮೇಳಕರ್ತಗಳ ಯಾವ ಮನೆಯಲ್ಲೂ ಜಾಗ ಸಿಗದ ಅಂತರ. ನನ್ನ ಸ್ಕೂಟರಿಗೆ ಕೊಂಚ ಇಂಪಾದದ್ದು ಬೇಕು ಅಂದಾಗ ಹುಡುಗ ಕನಿಕರದಿಂದ ನೋಡಿ, "ಅಂಥದ್ದು ಹಾಕ್ಸಿದ್ರೆ ಯಾರೂ ದಾರಿ ಬಿಡಲ್ಲ ಸಾರ್" ಅಂದ.

ಅವನು ತಂತಿ ಬಿಗಿಯುತ್ತಿರುವಾಗ ಸುಮ್ಮನಿರಲಾರದೆ ಕೇಳಿದೆ: "ಜೆ.ಸಿ. ಅಂದ್ರೆ ಯಾರಪ್ಪಾ?"

ಹುಡುಗ ಸ್ಕ್ರೂಡ್ರೈವರಿನಿಂದ ತಲೆ ಕೆರೆದುಕೊಂಡ. "ಜೆ.ಸಿ.ಬಿ. ಕಂಡುಹಿಡಿದೋರು ಇರ್ಬೇಕು ಸಾರ್."

ಜೆ.ಸಿ. ಅಂದರೆ ಜಯಚಾಮರಾಜೇಂದ್ರ ಒಡೆಯರು, ಮೈಸೂರಿನ ಕೊನೆಯ ಮಹಾರಾಜರು. ಲಂಡನ್ನಿನ ಒಂದು ವಾದ್ಯವೃಂದ ಕಾಲೂರಿ ನಿಲ್ಲಲು ಹಣ ಕೊಟ್ಟವರು, ಕರ್ನಾಟಕ ಸಂಗೀತಕ್ಕೆ 94 ಕೃತಿ ಕೊಟ್ಟವರು. ಅಂಥವರ ಹೆಸರಿಗೆ ನಮ್ಮ ಊರು ಹಾರನ್ ಮಾರುವ ರಸ್ತೆಯನ್ನು ಬರೆದುಕೊಟ್ಟಿದೆ. ರವೀಂದ್ರ ಕಲಾಕ್ಷೇತ್ರವೂ ಅದೇ ರಸ್ತೆಯಲ್ಲಿದೆ ಎಂದು ಸಮಾಧಾನ ಮಾಡಿಕೊಳ್ಳೋಣವೆಂದರೆ, ಅದರ ಹೆಸರು ರವೀಂದ್ರರ ಪಾಲಿಗೆ ಹೋಗಿದೆ.

ಇದನ್ನು ನಾನು ಸ್ವಲ್ಪ ಮನಸ್ಸಿಗೆ ಹಚ್ಚಿಕೊಳ್ಳಲು ಕಾರಣ ನಮ್ಮ ಪೇಟೆಯೇ. ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಭಯಕ್ಕೆ ಬೆಳೆದ ಬಡಾವಣೆಗಳು. ನಾವು ಯಾವ ಇಲಿಗೂ ಹೆದರಿ ಬಂದವರಲ್ಲ ಎಂದು ನಮ್ಮ ಕಡೆಯ ಹಿರಿಯರು ಮದುವೆಮನೆಗಳಲ್ಲಿ ಬೀಗರಿಗೆ ಕೇಳುವ ಹಾಗೆ ಹೇಳುತ್ತಿದ್ದರು. ಈ ಪೇಟೆಗೆ ಹೆಸರು ಕೊಟ್ಟ ಹತ್ತನೆಯ ಚಾಮರಾಜೇಂದ್ರ ಒಡೆಯರು ಜಯಚಾಮರಾಜರ ಅಜ್ಜ. ಸ್ವತಃ ಪಿಟೀಲು ಹಿಡಿದಿದ್ದವರು. ಹುಡುಗನಾಗಿದ್ದ ವಾಸುದೇವಾಚಾರ್ಯರನ್ನು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಹತ್ತಿರ ಕಲಿತು ಬಾ ಎಂದು ಖರ್ಚು ಕೊಟ್ಟು ತಂಜಾವೂರು ಸೀಮೆಗೆ ಕಳಿಸಿದ್ದು ಅವರೇ. 1894ರ ಡಿಸೆಂಬರಿನಲ್ಲಿ, ಇನ್ನೂ 31 ವರ್ಷದವರು, ಕಲ್ಕತ್ತೆಯಲ್ಲಿ ತೀರಿಕೊಂಡರು. ಕಲಿತು ಬಂದ ಹುಡುಗ ಮೈಸೂರು ವಾಸುದೇವಾಚಾರ್ಯರಾಗಿ ಬೆಳೆದು, ಅರ್ಧ ಶತಮಾನ ಕಳೆದ ಮೇಲೆ, ತನ್ನನ್ನು ಓದಿಸಿದ ಮಹಾರಾಜರ ಮೊಮ್ಮಗನಿಗೆ ಕೃತಿರಚನೆಯಲ್ಲಿ ಗುರುವಾದರು. ಒಂದು ವಿದ್ಯಾರ್ಥಿವೇತನ ಇಷ್ಟು ಬಡ್ಡಿ ದುಡಿದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಈ ಲೆಕ್ಕಾಚಾರ ನನ್ನದಲ್ಲ, ನಮ್ಮ ವಠಾರದ ರಾಯರದ್ದು. ರಾಯರು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು, ವಾಗ್ಗೇಯಕಾರರಾಗಿ ನಿವೃತ್ತರಾಗಲು ಒಪ್ಪದವರು. ಬೆಳಿಗ್ಗೆ ಕಾಫಿಯಾದ ಮೇಲೆ ಹೊರಬಾಗಿಲ ಮೆಟ್ಟಿಲ ಮೇಲೆ ಕೂತು ತೊಡೆಯ ಮೇಲೆ ಆದಿತಾಳ ಹಾಕುತ್ತ ಕೃತಿ ರಚಿಸುತ್ತಿದ್ದರು. ತರಕಾರಿಯವಳು ಬಂದರೆ ತಾಳ ನಿಲ್ಲಿಸದೆ ಎಡಗೈಯಲ್ಲೇ ಬದನೆಕಾಯಿ ಆರಿಸುತ್ತಿದ್ದರು. ಕೋಟೆ ವೆಂಕಟರಮಣನ ಮೇಲೆ, ಗಲ್ಲಿಯ ಗಣೇಶನ ಮೇಲೆ, ಒಮ್ಮೆ ಮಂಡಿನೋವು ವಾಸಿಯಾದ ಖುಷಿಗೆ ಧನ್ವಂತರಿಯ ಮೇಲೆ. ಎಲ್ಲವೂ ಕಚೇರಿಯ ಹಳೆಯ ಲೆಡ್ಜರುಗಳಲ್ಲಿ. ಜಮಾ ಕಾಲಮ್ಮಿನಲ್ಲಿ ಸ್ವರ, ಖರ್ಚಿನ ಕಾಲಮ್ಮಿನಲ್ಲಿ ಸಾಹಿತ್ಯ.

ಅವರ ದೊಡ್ಡ ತಲೆನೋವು ಅಂಕಿತದ್ದು. ಒಳ್ಳೆಯ ಅಂಕಿತಗಳೆಲ್ಲ ಆಗಲೇ ಹಂಚಿಹೋಗಿದ್ದವು. ವಾಸುದೇವಾಚಾರ್ಯರು 'ವಾಸುದೇವ' ಎಂದು ಇಟ್ಟುಕೊಂಡು ತಮ್ಮ ಹೆಸರು, ದೇವರ ಹೆಸರು ಎರಡನ್ನೂ ಒಂದೇ ಏಟಿಗೆ ಮುಗಿಸಿಬಿಟ್ಟರು. ಮಹಾರಾಜರದ್ದು 'ಶ್ರೀವಿದ್ಯಾ'. ರಾಯರು 'ಚಾಮರಾಜಪುರವಾಸ' ಎಂದು ಇಟ್ಟು ನೋಡಿದರು. ಅದು ಚರಣದ ಕೊನೆಯ ಆವರ್ತವನ್ನು ಪೂರಾ ನುಂಗಿ, ದೇವರ ಹೆಸರಿಗೆ ಎರಡಕ್ಷರದ ಜಾಗವನ್ನೂ ಉಳಿಸುತ್ತಿರಲಿಲ್ಲ. "ಅಡ್ರೆಸ್ಸು ಜಾಸ್ತಿಯಾಯಿತು, ಭಕ್ತಿ ಕಡಿಮೆಯಾಯಿತು" ಎಂದು ಅವರೇ ತೀರ್ಪು ಕೊಟ್ಟುಕೊಂಡರು.

ಮಹಾರಾಜರ ಮಾತು ಬಂದರೆ ರಾಯರು ಪ್ರಜೆಯ ದನಿಯಲ್ಲಿ ಮಾತಾಡುತ್ತಿರಲಿಲ್ಲ, ಒಂದೇ ಕಸುಬಿನವರ ದನಿಯಲ್ಲಿ ಮಾತಾಡುತ್ತಿದ್ದರು. "ಪಾಪ, ಅವರಿಗೂ ನನ್ನ ಹಾಗೆ ಆಫೀಸ್ ಕೆಲಸ ಜಾಸ್ತಿ ಇತ್ತು. ಮಧ್ಯೆ ಪುರಸೊತ್ತು ಮಾಡಿಕೊಂಡು ಬರೆಯಬೇಕಿತ್ತು" ಅನ್ನುತ್ತಿದ್ದರು.

ಆ ಆಫೀಸ್ ಕೆಲಸ ತಾವಾಗಿ ಬಯಸಿದ್ದಲ್ಲ. ಜಯಚಾಮರಾಜರು ಹುಟ್ಟಿದ್ದು 1919ರ ಜುಲೈ 18ರಂದು, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಮಗನಾಗಿ. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ಸಿಂಹಾಸನದಲ್ಲಿದ್ದರು, ಅಪ್ಪ ಅವರ ನಂತರದ ಸಾಲಿನಲ್ಲಿದ್ದರು. ಹುಡುಗನಿಗೆ ಪಿಯಾನೋ ಮುಂದೆ ಕೂರಲು ಸಮಯವಿತ್ತು. ಪಾಶ್ಚಾತ್ಯ ಸಂಗೀತವನ್ನು ಶಾಸ್ತ್ರೋಕ್ತವಾಗಿ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. ಮುಂದೆ ಟ್ರಿನಿಟಿ ಕಾಲೇಜು ಗೌರವ ಫೆಲೋಷಿಪ್ ಕೊಟ್ಟಿತು. ಮಹಾರಾಜಾ ಕಾಲೇಜಿನಲ್ಲಿ 1938ರಲ್ಲಿ ಪದವಿ, ಚಿನ್ನದ ಪದಕ. ವೇದಿಕೆಯ ಮೇಲೆ ಪಿಯಾನೋ ನುಡಿಸುವ ಕಲಾವಿದನಾಗಬೇಕು ಎಂಬುದು ಮನಸ್ಸಿನಲ್ಲಿದ್ದ ಆಸೆ. 1940ರ ಮಾರ್ಚಿನಲ್ಲಿ ಅಪ್ಪ ಹೋದರು. ಆಗಸ್ಟಿನಲ್ಲಿ ದೊಡ್ಡಪ್ಪ ಹೋದರು. ಸೆಪ್ಟೆಂಬರಿನಲ್ಲಿ, 21ರ ಹರೆಯದಲ್ಲಿ, ಪಟ್ಟಾಭಿಷೇಕ. ನಮ್ಮ ಮನೆಗಳಲ್ಲಿ ಅಪ್ಪ ಸರ್ವೀಸಿನಲ್ಲಿದ್ದಾಗಲೇ ತೀರಿಕೊಂಡರೆ ಹಾಡುಗಾರನಾಗಬೇಕೆಂದಿದ್ದ ಮಗ ಅನುಕಂಪದ ಮೇಲೆ ಗುಮಾಸ್ತೆಯ ಕೆಲಸಕ್ಕೆ ಸೇರುತ್ತಾನೆ. ಇವರು ಸಿಂಹಾಸನಕ್ಕೆ ಸೇರಿದರು.

ಪಿಯಾನೋ ಕೈಬಿಟ್ಟರೂ ಕಿವಿ ಬಿಡಲಿಲ್ಲ. ಅರಮನೆಯ ಧ್ವನಿಮುದ್ರಿಕೆಗಳ ಸಂಗ್ರಹ ಸುಮಾರು 20,000 ಇತ್ತೆಂದು ಅಂದಾಜು. ಆ ರಾಶಿಯಲ್ಲಿ ಅವರ ಮನಸ್ಸು ಹೋಗಿ ಕೂತದ್ದು ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಯೋಜಕನ ಮೇಲೆ. ಮೆಟ್ನರ್ ಆಗ ಲಂಡನ್ನಿನಲ್ಲಿದ್ದ. ಕ್ರಾಂತಿಯ ನಂತರ ದೇಶ ಬಿಟ್ಟವನು. ರಖ್ಮಾನಿನೋವ್‌ನಂಥವನೇ ತಲೆಬಾಗಿದ ಪ್ರತಿಭೆ, ಆದರೆ ಹಳೆಯ ಕಾಲದವನೆಂದು ಹೊಸಬರು ಮೂಗು ಮುರಿದಿದ್ದರು. ಕಾಯಿಲೆ, ಯುದ್ಧ, ಕೈಯಲ್ಲಿ ಕಾಸಿಲ್ಲ. ಅಂಥ ಹೊತ್ತಿನಲ್ಲಿ, ಅವನು ಹೆಸರು ಕೇಳಿದ್ದನೋ ಇಲ್ಲವೋ ಎಂಬಂಥ ಮೈಸೂರಿನಿಂದ ಮಹಾರಾಜರೊಬ್ಬರು ನಿನ್ನ ಸಂಗೀತವನ್ನು ಮುದ್ರಿಸೋಣ, ಖರ್ಚು ನನ್ನದು ಅಂದರು. ಮೆಟ್ನರ್ ಸೊಸೈಟಿ ಹುಟ್ಟಿತು. ಮುದುಕ ತನ್ನ ಮೂರೂ ಪಿಯಾನೋ ಕಾನ್ಸರ್ಟೊಗಳನ್ನು ತಾನೇ ನುಡಿಸಿ ಮುದ್ರಿಸಿದ. ಮೂರನೆಯದನ್ನು ಮಹಾರಾಜರಿಗೇ ಅರ್ಪಿಸಿದ. 1951ರಲ್ಲಿ ತೀರಿಕೊಂಡ. ಇವತ್ತು ಮೆಟ್ನರ್ ತನ್ನ ಕೈಯಲ್ಲಿ ಹೇಗೆ ನುಡಿಸುತ್ತಿದ್ದ ಎಂದು ತಿಳಿಯಬೇಕಾದವರು ಕೇಳುವುದು ಮೈಸೂರಿನ ಖಜಾನೆ ಮಾಡಿಸಿದ ಆ ಮುದ್ರಣಗಳನ್ನು.

ಆ ಕೆಲಸ ಮಾಡಿಸಿದವನು ವಾಲ್ಟರ್ ಲೆಗ್. 1945ರಲ್ಲಿ ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯ ವಾದ್ಯವೃಂದ ಕಟ್ಟಿದ್ದ ಚಾಣಾಕ್ಷ. ಮೈಸೂರಿಗೆ ಬಂದ, ಅರಮನೆಯ ಧ್ವನಿಮುದ್ರಿಕೆಗಳನ್ನೂ ಪಿಯಾನೋಗಳನ್ನೂ ಕಂಡು ಬೆರಗಾದ, ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷದ ಸಹಾಯದ ಭರವಸೆ ಪಡೆದು ಹೋದ. ಮಹಾರಾಜರು ಫಿಲ್‌ಹಾರ್ಮೋನಿಯ ಕಛೇರಿ ಸಂಘದ ಮೊದಲ ಅಧ್ಯಕ್ಷರಾದರು. ಹಣ ಕೊಟ್ಟವರಿಗೆ ರುಚಿಯೂ ಇತ್ತು ಎಂಬುದು ಇಲ್ಲಿ ಮುಖ್ಯ. ಎಲ್ಲರೂ ಕೇಳುವ ಬೆಥೊವೆನ್ ಇದ್ದೇ ಇರುತ್ತಾನೆ. ಯಾರೂ ಮುಟ್ಟದ ಬಾಲಕಿರೆವ್, ರೂಸೆಲ್ ಇವರ ಸಿಂಫನಿಗಳು ಬೇಕು ಅಂದರು. ವಾದ್ಯವೃಂದ ನಿರ್ದೇಶಕ ಕರಾಯನ್ ಅವುಗಳನ್ನು ಫಿಲ್‌ಹಾರ್ಮೋನಿಯದ ಜೊತೆ ಮುದ್ರಿಸಿದ.

1950ರ ಮೇ 22ರ ಸಂಜೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರಸ್ತುತಿ. ಸ್ಟ್ರಾಸ್ ಹಿಂದಿನ ವರ್ಷವೇ ತೀರಿಕೊಂಡಿದ್ದ. ಹಾಡಿದವಳು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದವನು ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್‌ಹಾರ್ಮೋನಿಯ, ನಷ್ಟವಾದರೆ ತುಂಬುತ್ತೇನೆಂದು ಹೊಣೆ ಹೊತ್ತವರು ಮೈಸೂರಿನ ಮಹಾರಾಜರು. ಅವರಿಗೆ ಹೋಗಲಾಗಲಿಲ್ಲ. ಕಛೇರಿಯನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳಿಸಿಕೊಟ್ಟರು. ನನ್ನಿಂದ ಈ ಕತೆ ಕೇಳಿದಾಗ ರಾಯರು ಬಹಳ ಹೊತ್ತು ಸುಮ್ಮನಿದ್ದು, "ಕಛೇರಿಯ ಖರ್ಚೆಲ್ಲ ಕೊಟ್ಟು ಕಛೇರಿ ತಪ್ಪಿಸಿಕೊಂಡವರು ಇವರೊಬ್ಬರೇ ಇರಬೇಕು. ನಮ್ಮವರು ಚಂದಾ ಕೊಡದೆ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ" ಅಂದರು.

ಮುಂದಿನ ಸಾಲು ಅಂದರೆ ನಮ್ಮಲ್ಲಿ ಒಂದೇ ಅರ್ಥ. ಕೋಟೆ ಹೈಸ್ಕೂಲ್ ಮೈದಾನದ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಪೆಂಡಾಲು. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿರಾಯರು ಶುರುಮಾಡಿದ್ದು ಇಂದಿಗೂ ನಡೆದು ಬಂದಿದೆ. ಎಂ.ಎಸ್. ಸುಬ್ಬುಲಕ್ಷ್ಮಿಯವರಿಂದ ಹಿಡಿದು ಇಲ್ಲಿ ಹಾಡದ ದೊಡ್ಡವರಿಲ್ಲ. ನಮ್ಮ ಪೇಟೆಯ ಮಕ್ಕಳು ಚೈತ್ರದಲ್ಲಿ ಪಾನಕ, ಕೋಸಂಬರಿ ಮತ್ತು ತನಿ ಆವರ್ತನದ ನಡುವೆ ಬೆಳೆದವರು. ಪರೀಕ್ಷೆ ಅದೇ ಹೊತ್ತಿಗೆ ಬರುತ್ತಿದ್ದರಿಂದ ಇಲ್ಲಿ ಫೇಲಾದವರಿಗೆ ಕೂಡ ಕಾಂಭೋಜಿ ಗೊತ್ತಿರುತ್ತಿತ್ತು.

ಪೆಂಡಾಲಿನ ನಾಲ್ಕನೆಯ ಸಾಲು ರಾಗ ಹಿಡಿಯುವವರ ಸಾಲು. ಗಾಯಕರು ಷಡ್ಜದಿಂದ ಕಾಲು ಎತ್ತುವ ಮೊದಲೇ ಇಲ್ಲಿ ರಾಗದ ಹೆಸರು ಬಿದ್ದುಬಿಡಬೇಕು. ಮೊದಲು ಹೇಳಿದವರಿಗೆ ಪಕ್ಕದವರು ನಶ್ಯದ ಡಬ್ಬಿ ನೀಡುವುದು ವಾಡಿಕೆ. ಇಲ್ಲಿನ ದೊಡ್ಡ ವಿದ್ವಾಂಸರೆಂದರೆ ಹೆಸರು ಹೇಳದೆ 'ಹ್ಞೂಂ' ಎಂದು ತಲೆದೂಗಿ ಪಕ್ಕದವರು ಹೇಳುವವರೆಗೆ ಕಾಯುವವರು. ಒಂದು ಸಂಜೆ ಗಾಯಕಿಯೊಬ್ಬರು ಎರಡನೆಯ ಹಾಡಾಗಿ ಯಾವುದೋ ಗಣಪತಿ ಕೃತಿ ಎತ್ತಿಕೊಂಡರು. ನಾಲ್ಕನೆಯ ಸಾಲು ಸ್ತಬ್ಧವಾಯಿತು. ಡಬ್ಬಿ ಕೈಯಿಂದ ಕೈಗೆ ಹೋಗದೆ ನಿಂತಿತು. ಒಬ್ಬರು ಸಂಶಯದಿಂದ ಒಂದು ಹೆಸರು ಹೇಳಿ ತಾವೇ ಹಿಂತೆಗೆದುಕೊಂಡರು. ಪಲ್ಲವಿ ಮುಗಿದು ಅನುಪಲ್ಲವಿಗೆ ಬರುವ ಹೊತ್ತಿಗೆ ಹಿಂದಿನಿಂದ ನಮ್ಮ ರಾಯರು, ಜೀವಮಾನದ ಸಂತೋಷದಲ್ಲಿ, "ದುರ್ವಾಂಕಿ. ಮಹಾರಾಜರದ್ದು" ಅಂದರು. ನಾಲ್ಕನೆಯ ಸಾಲು ಪೂರ್ತಿ ತಿರುಗಿ ನೋಡಿತು. ಆಮೇಲೆ ವರ್ಷಗಟ್ಟಲೆ ರಾಯರಿಗೆ ಆ ಸಾಲಿನಲ್ಲಿ ಒಂದು ಕುರ್ಚಿ ಕಾದಿರುತ್ತಿತ್ತು.

ಮಹಾರಾಜರು ಎತ್ತಿಕೊಂಡದ್ದೇ ಅಂಥ ರಾಗಗಳನ್ನು. ತೋಡಿ, ಕಲ್ಯಾಣಿಗಳ ಹೆದ್ದಾರಿಯಲ್ಲಿ ತ್ಯಾಗರಾಜರು, ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು ಆಗಲೇ ಮನೆ ಕಟ್ಟಿಕೊಂಡು ಕೂತಿದ್ದಾರೆ; ಹೊಸಬನಿಗೆ ಅಡ್ಡರಸ್ತೆಯೇ ಗತಿ. ದುರ್ವಾಂಕಿ, ಭೋಗವಸಂತ ಎಂದು ಅವರು ಹೊಕ್ಕ ಓಣಿಗಳಲ್ಲಿ ಇವತ್ತಿಗೂ ಜನಸಂಚಾರ ಕಡಿಮೆ. ಸಾಹಿತ್ಯವೆಲ್ಲ ಸಂಸ್ಕೃತ, ನಡೆ ದೀಕ್ಷಿತರ ಜಾಡಿನದು, ಒಳಗಿನ ವಸ್ತು ಶ್ರೀವಿದ್ಯೆಯ ಉಪಾಸನೆ. ಶಿಲ್ಪಿ ಸಿದ್ಧಲಿಂಗಸ್ವಾಮಿಗಳಿಂದ ದೀಕ್ಷೆ ಪಡೆದಿದ್ದರು. ವೀಣೆ ಕಲಿತದ್ದು ವೆಂಕಟಗಿರಿಯಪ್ಪನವರಲ್ಲಿ. ಅಂದರೆ ಪಿಯಾನೋದ 88 ಮನೆಗಳಲ್ಲಿ ಓಡಾಡಿದ್ದ ಬೆರಳು ವೀಣೆಯ 24 ಮೆಟ್ಟಿಲಿಗೆ ಬಂದು ಗಮಕ ಕಲಿಯಿತು. ಪಿಯಾನೋದಲ್ಲಿ ಎರಡು ಮನೆಗಳ ನಡುವೆ ಏನೂ ಇಲ್ಲ. ವೀಣೆಯಲ್ಲಿ ಎಲ್ಲ ಇರುವುದೂ ಆ ನಡುವೆಯೇ. ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡವನು ಏನಾದರೂ ಬೆರಕೆ ಮಾಡಿಯಾನೆಂದು ನಾವು ಕಾಯುತ್ತೇವೆ. ಮಹಾರಾಜರು ಮಾಡಲಿಲ್ಲ. ಅವರ ಕೃತಿಗಳಲ್ಲಿ ಮೆಟ್ನರನ ವಾಸನೆ ಹುಡುಕಿದರೂ ಸಿಗದು. ಇದು ಬಡತನವಲ್ಲ, ಸಂಯಮ ಎಂದೇ ನನ್ನ ಅಭಿಪ್ರಾಯ. ಎರಡು ಮನೆಯ ಊಟ ಬಲ್ಲವರು ಎರಡನ್ನೂ ಕಲಸುವುದಿಲ್ಲ.

'ಮಹಾರಾಜರು ಬರೆದದ್ದೋ, ಆಚಾರ್ಯರು ಬರೆದುಕೊಟ್ಟದ್ದೋ?' ಎಂಬ ಪಿಸುಮಾತು ಹಳೆಯದು. ದೊಡ್ಡವರು ಏನು ಮಾಡಿದರೂ ಯಾರೋ ಮಾಡಿಕೊಟ್ಟಿರಬೇಕು ಎಂಬುದು ನಮ್ಮ ಕಡೆಯ ಪ್ರಜಾಪ್ರಭುತ್ವ. ವಾಸುದೇವಾಚಾರ್ಯರ ತಿದ್ದುವ ಕೈ ಅಲ್ಲಿ ಇದ್ದೇ ಇದೆ, ಗುರು ಎಂದ ಮೇಲೆ ಇರಲೇಬೇಕು. ಆದರೆ ಅವರದೇ ಕೃತಿಗಳನ್ನೊಮ್ಮೆ ಕೇಳಿ. ರಾಮ, ಕೃಷ್ಣ, ನಗುಮುಖ. ಮಾತು ತಿಳಿ, ನಡೆ ಹಗುರ. ಮಹಾರಾಜರದ್ದು ಚಕ್ರ, ಬೀಜಾಕ್ಷರ, ದೇವಿ, ಭೈರವ. ಒಂದು ಸಮಾಸ ಹೊರಟರೆ ಮೇಲುಕೋಟೆಗೆ ಹೋಗಿ ನಿಲ್ಲುತ್ತದೆ. ಮಾಧ್ವ ಮನೆತನದ ಆಚಾರ್ಯರು ಕೂತು ಶಾಕ್ತ ತಂತ್ರದ ಕೃತಿ ಬರೆದುಕೊಟ್ಟರೆಂದು ನಂಬುವುದಕ್ಕಿಂತ ಮಹಾರಾಜರೇ ಬರೆದರೆಂದು ನಂಬುವುದು ಸುಲಭ. ರಾಯರು ಇನ್ನೂ ನೇರ: "ಯಾರಾದರೂ ಬರೆದುಕೊಡುವವರಿದ್ದರೆ 94ಕ್ಕೆ ಯಾಕೆ ನಿಲ್ಲಿಸುತ್ತಿದ್ದರು? 108 ಮಾಡಿಸುತ್ತಿದ್ದರು!" ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಬೇರೆಯವರ ಸಹಿಗೆ ಟಿಪ್ಪಣಿ ಬರೆದುಕೊಟ್ಟವರ ಮಾತು, ತಳ್ಳಿಹಾಕುವ ಹಾಗಿಲ್ಲ.

ಈ 94 ಬಂದ ಕಾಲವನ್ನು ನೋಡಿದರೆ ನನಗೆ ನಗು, ನಿಟ್ಟುಸಿರು ಎರಡೂ ಬರುತ್ತವೆ. 1945ರಿಂದ 1947ರ ನಡುವೆ. ಕೃತಿಗಳು ಒಂದೊಂದಾಗಿ ಬರುತ್ತಿದ್ದವು, ರಾಜ್ಯ ಒಂದೊಂದೇ ಹೆಜ್ಜೆ ಹೋಗುತ್ತಿತ್ತು. 1947ರ ಆಗಸ್ಟಿನಲ್ಲಿ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ. ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಚಳವಳಿ. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಜನತಾ ಸರ್ಕಾರ. ನಮ್ಮ ತಾತ ಆಗ ಕಾಲೇಜಿನ ಹುಡುಗ. ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ವಿರುದ್ಧ 'ಆರ್ಕಾಟ್ ಬಾಯ್ಕಾಟ್' ಎಂದು ಚಿಕ್ಕಪೇಟೆಯ ಉದ್ದಕ್ಕೂ ಕೂಗಿ ವಾರಗಟ್ಟಲೆ ಗಂಟಲು ಕಟ್ಟಿಸಿಕೊಂಡಿದ್ದರಂತೆ. ಮುಂದೆ ಅದೇ ತಾತ, ಅದೇ ಗಂಟಲಿನಲ್ಲಿ, ಮಹಾರಾಜರ ಅಠಾಣ ರಾಗದ ಗಣಪತಿ ಕೃತಿಯನ್ನು ಗುನುಗುತ್ತ ಪೂಜೆಗೆ ಹೂ ಕೊಯ್ಯುತ್ತಿದ್ದರು. ಇದು ವಿರೋಧಾಭಾಸ ಎಂದು ಅವರಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. "ಅವರ ಸರ್ಕಾರ ಬೇಡ ಅಂದೆವು, ಅಠಾಣ ಬೇಡ ಅಂದೆವಾ?"

ಆಮೇಲಿನದು ಹುದ್ದೆಗಳ ಪಟ್ಟಿ. ರಾಜಪ್ರಮುಖ, 1956ರಿಂದ ಮೈಸೂರು ರಾಜ್ಯಪಾಲ, 1964ರಿಂದ 1966ರವರೆಗೆ ಮದರಾಸಿನ ರಾಜ್ಯಪಾಲ. ಸಂಗೀತ ನಾಟಕ ಅಕಾಡೆಮಿಯ ಫೆಲೋಷಿಪ್ 1966ರಲ್ಲಿ. ಋಗ್ವೇದವನ್ನು ಕನ್ನಡಕ್ಕೆ ತರಿಸಿ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯಲ್ಲಿ ಮೂವತ್ತಕ್ಕೂ ಹೆಚ್ಚು ಸಂಪುಟ ಮಾಡಿಸಿದ್ದೊಂದು ಈ ಪಟ್ಟಿಗೆ ಸೇರದ ಕೆಲಸ. ವೇದವನ್ನು ಪ್ರಜೆಗಳಿಗೆ ಕನ್ನಡದಲ್ಲಿ ಕೊಟ್ಟು, ತಮ್ಮ ಹಾಡನ್ನು ಸಂಸ್ಕೃತದಲ್ಲೇ ಇಟ್ಟುಕೊಂಡರು. ನಮ್ಮ ಪಂಪ ಮಹಾಕವಿ ರಸ್ತೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ ಚಾಮರಾಜೇಂದ್ರ ಸಂಸ್ಕೃತ ಕಾಲೇಜೂ ಎರಡೂ ಇವೆ. ಮಹಾರಾಜರ ಕೃತಿಗಳ ವಿಷಯದಲ್ಲಿ ಆ ಕಡೆಯವರು ಇದು ಸಂಸ್ಕೃತ ಅನ್ನುತ್ತಾರೆ, ಈ ಕಡೆಯವರು ಇದು ಸಂಗೀತ ಅನ್ನುತ್ತಾರೆ. ರಾಜಧನ ರದ್ದಾದದ್ದು 1971ರಲ್ಲಿ. 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನ ಅರಮನೆಯಲ್ಲಿ ಅವರು ತೀರಿಕೊಂಡರು. ವಯಸ್ಸು 55.

ರಾಯರ ಕತೆ ಇದಕ್ಕಿಂತ ಚಿಕ್ಕದು. ಅವರ ಕೃತಿಯೊಂದು ಕೊನೆಗೂ ವೇದಿಕೆ ಕಂಡಿತು. ನಮ್ಮ ಗಲ್ಲಿಯ ಗಣೇಶೋತ್ಸವದಲ್ಲಿ, ಎದುರುಮನೆಯ ಹುಡುಗಿ ಒಪ್ಪಿಕೊಂಡು ಕಲಿತು ಹಾಡಿದಳು. ಮೈಕಿನವನು ಆಗಷ್ಟೇ ಬಂದಿದ್ದ. ಪಲ್ಲವಿಯ ಹೊತ್ತಿಗೆ 'ಹಲೋ, ಚೆಕ್' ಅಂದ. ಅನುಪಲ್ಲವಿಯ ಹೊತ್ತಿಗೆ ಕುರ್ಚಿ ಎಳೆಯುವ ಸದ್ದು. ಚರಣ ಮುಗಿದು ಅಂಕಿತ ಬರುವ ಹೊತ್ತಿಗೆ ಕಾರ್ಪೊರೇಟರ ಕಾರು ಬಂತು, ಎಲ್ಲರೂ ಎದ್ದು ನಿಂತರು. ರಾಯರು ತಮಗೇ ಎದ್ದು ನಿಂತರೆಂದು ಕೈಮುಗಿದರು. ತಮಾಷೆಗೆ ಹಾಗೆ ಮಾಡಿದರೋ ನಿಜವಾಗಿಯೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಈಗ ಅವರಿಲ್ಲ. ವಠಾರವೂ ಇಲ್ಲ, ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿದೆ. ಲೆಡ್ಜರುಗಳು ಮಗನ ಫ್ಲಾಟಿನ ಅಟ್ಟದ ಮೇಲಿವೆಯಂತೆ.

ದುರ್ವಾಂಕಿ ಹಿಡಿದ ಆ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ರಾಯರು ಹೇಳಿದ್ದನ್ನು ನಾನು ಆಮೇಲೆ ಪೆಂಡಾಲಿನಲ್ಲಿ ಗಮನಿಸುತ್ತ ಬಂದೆ. "ನೋಡು, ಲಂಡನ್ನಿನಲ್ಲಿ ಆರ್ಕೆಸ್ಟ್ರಾ ನಿಲ್ಲಿಸಿದವರಿಗೆ ಇಲ್ಲಿ ಕಛೇರಿಯ ಮಧ್ಯದಲ್ಲಿ ಕಾಲು ಗಂಟೆ ಜಾಗ ಸಿಗಲಿಲ್ಲ." ನಿಜ. ಮಹಾರಾಜರ 94ರಲ್ಲಿ ಜನ ನಿಜವಾಗಿ ಬಲ್ಲದ್ದು ಆ ಅಠಾಣದ ಗಣಪತಿ. ಅದರ ಹಿಂದೆ, ದೂರದಲ್ಲಿ, ಗಂಭೀರನಾಟದ ಒಂದು, ಹಿಂದೋಳದ ಒಂದು. ಅಠಾಣ ಬರುವುದು ಕಛೇರಿಯ ತೊಡಗುವ ಹಾಡಾಗಿ. ಬಾಳೆಲೆಯ ತುದಿಗೆ ಮೊದಲು ಬಡಿಸುವ ಕೋಸಂಬರಿಗೆ ಏನು ಗತಿಯೋ ತೊಡಗುವ ಹಾಡಿಗೂ ಅದೇ; ಎಲ್ಲರೂ ಇಷ್ಟಪಡುತ್ತಾರೆ, ಅದಕ್ಕಾಗಿಯೇ ಊಟಕ್ಕೆ ಬಂದವರು ಯಾರೂ ಇಲ್ಲ. ಗಾಯಕರ ಗಂಟಲು ಇನ್ನೂ ಬಿಸಿಯಾಗಿಲ್ಲ, ಮೃದಂಗದವರು ಕಲ್ಲಿನಿಂದ ತಟ್ಟಿ ಶ್ರುತಿ ನೋಡುತ್ತಿದ್ದಾರೆ, ನಾಲ್ಕನೆಯ ಸಾಲಿನವರು ದಾರಿಯಲ್ಲಿದ್ದಾರೆ. ಆಲಾಪನೆ, ನೆರವಲು, ಕಲ್ಪನಾಸ್ವರ ಎಲ್ಲ ಮುಂದಿನವರಿಗೆ ಕಾದಿಟ್ಟದ್ದು. ಎಷ್ಟೋ ಸಲ ಗಾಯಕರು ರಚಿಸಿದವರ ಹೆಸರನ್ನೂ ಹೇಳುವುದಿಲ್ಲ. ಒಮ್ಮೆ ನನ್ನ ಪಕ್ಕ ಕೂತಿದ್ದವರು ಅದು ದೀಕ್ಷಿತರ ಕೃತಿಯೆಂದು ತಮ್ಮ ಸೊಸೆಗೆ ವಿವರಿಸುತ್ತಿದ್ದರು. ತಿದ್ದೋಣ ಅನ್ನಿಸಿತು. ದೀಕ್ಷಿತರದ್ದೆಂದು ನಂಬಿಸುವ ಹಾಗೆ ಬರೆದವರಿಗೆ ಅದಕ್ಕಿಂತ ದೊಡ್ಡ ಬಿರುದು ಬೇಡವೆಂದು ಸುಮ್ಮನಾದೆ.

ಹಾಗೆ ಸುಮ್ಮನಾಗುತ್ತ ಹೋದರೆ ಆಗುವುದಿಲ್ಲ ಎಂದು ಈಗ ಅನ್ನಿಸುತ್ತದೆ. ವಾಸುದೇವಾಚಾರ್ಯರ ಮೊಮ್ಮಗ, ಆಕಾಶವಾಣಿಯಲ್ಲಿದ್ದ ಎಸ್. ಕೃಷ್ಣಮೂರ್ತಿಯವರಂಥವರು ಈ ಕೃತಿಗಳ ಬಗ್ಗೆ ಬರೆದಿದ್ದಾರೆ. 94ಕ್ಕೂ ಸ್ವರಸಾಹಿತ್ಯ ಪುಸ್ತಕದಲ್ಲಿದೆ. 2019ರಲ್ಲಿ ಮಹಾರಾಜರು ಹುಟ್ಟಿ ನೂರು ವರ್ಷವಾಯಿತು, ಆಗ ಒಂದಿಷ್ಟು ಕೇಳಿಬಂದವು. ಹಾಡುವವರಿಗೆ ಪಾಠ ಸಿಗುವುದಿಲ್ಲ ಎಂಬ ನೆಪ ಉಳಿದಿಲ್ಲ. ಸಂಯೋಜಕನಿಗೆ ಬೇಕಾದದ್ದು ಕಿವಿ. ಮೆಟ್ನರನಿಗೆ ಆ ಕಿವಿಯನ್ನು ಮೈಸೂರು ಕೊಟ್ಟಿತು. ಮೈಸೂರಿನವರಿಗೆ ಲಂಡನ್ನಿನಿಂದ ಯಾರಾದರೂ ಬಂದು ಕೊಡಲಿ ಎಂದು ಕಾಯುವುದು ನ್ಯಾಯವಲ್ಲ.

ಆದ್ದರಿಂದ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಹಾಡಲು ಬರುವ ವಿದ್ವಾಂಸರಲ್ಲಿ, ವಿದುಷಿಯರಲ್ಲಿ ಈ ಪೇಟೆಯವನದೊಂದು ಬೇಡಿಕೆ. ಈ ಪೆಂಡಾಲು ನಿಂತಿರುವುದು ಮಹಾರಾಜರ ಅಜ್ಜನ ಹೆಸರಿನ ಪೇಟೆಯಲ್ಲಿ. ವರ್ಷಕ್ಕೊಮ್ಮೆಯಾದರೂ ಮಹಾರಾಜರ ಒಂದು ಕೃತಿಯನ್ನು ಕಛೇರಿಯ ನಡುಮಧ್ಯದಲ್ಲಿ ಇಟ್ಟು, ಆಲಾಪನೆ ಮಾಡಿ, ನೆರವಲು ಹಾಕಿ, ತನಿ ಬಿಟ್ಟು ಹಾಡಿ. ಭೋಗವಸಂತವೇ ಆಗಲಿ. ನಾಲ್ಕನೆಯ ಸಾಲಿನವರಿಗೆ ರಾಗ ಹೊಳೆಯದಿದ್ದರೆ ಚಿಂತೆಯಿಲ್ಲ, ಹಾಡುವ ಮೊದಲು ಮೈಕಿನಲ್ಲಿ ಹೆಸರು ಹೇಳಿಬಿಡಿ; ರಾಗದ್ದೂ, ಬರೆದವರದ್ದೂ.